ಒಂಬತ್ತನೇ ದಿನಕ್ಕೆ ಬಾಯಿಹುಣ್ಣು: ಕ್ಯಾಪೆಸಿಟಬಿನ್ ಮಾತ್ರೆ, ಡಿಪಿಡಿ ಕಿಣ್ವದ ಬಗ್ಗೆ ತಿಳಿದವರು ಹೇಳಿ

ತೋಟದಮನೆ, ಶಿರಸಿ
ಭಾನುವಾರ, ರಾತ್ರಿ 8:50

ನಮ್ಮ ಅಪ್ಪಯ್ಯನಿಗೆ 71 ವರ್ಷ. ಚೌತಿ ಮುಗಿದ ವಾರ ದೊಡ್ಡ ಕರುಳಿನ ಬಲಭಾಗದ ಗಡ್ಡೆ ತೆಗೆದರು. ಎರಡು ದುಗ್ಧಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿದ್ದರಿಂದ ಮೂರನೇ ಹಂತ ಎಂದರು. ಮೂರು ತಿಂಗಳಲ್ಲಿ ನಾಲ್ಕು ಸುತ್ತು ಕಿಮೊ: ಮೊದಲ ದಿನ ಆಕ್ಸಾಲಿಪ್ಲಾಟಿನ್ ಡ್ರಿಪ್, ಅಂದಿನಿಂದ ಹದಿನಾಲ್ಕು ದಿನ ಕ್ಯಾಪೆಸಿಟಬಿನ್ ಮಾತ್ರೆ, ಆಮೇಲೆ ಏಳು ದಿನ ಬಿಡುವು. 500 ಮಿಲಿಗ್ರಾಂನ ಮಾತ್ರೆ ಬೆಳಿಗ್ಗೆ ಮೂರು, ರಾತ್ರಿ ಮೂರು, ಉಂಡ ಅರ್ಧ ಗಂಟೆಯೊಳಗೆ.

ಇಂದಿಗೆ ಮೊದಲ ಸುತ್ತಿನ ಒಂಬತ್ತನೇ ದಿನ. ದೊಡ್ಡಹಬ್ಬದ ಗೋಪೂಜೆಯ ದಿನ ಹೋಳಿಗೆ ಮುಟ್ಟದೆ ಎದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಬಾಯೊಳಗೆ ಬಿಳಿ ಹುಣ್ಣು, ಗಂಜಿಯ ತಿಳಿ ತಾಗಿದರೂ ಉರಿ. ಬೇಧಿಯೂ ಶುರುವಾಗಿದೆ; ನಿನ್ನೆ ರಾತ್ರಿ ಮೂರು ಸಲ ಎದ್ದು ಹೋಗಿದ್ದಾರೆ ಎಂದು ಆಯಿ ಈಗ ಹೇಳುತ್ತಿದ್ದಾಳೆ. ಇಷ್ಟು ದಿನ ಇಬ್ಬರೂ ಸೇರಿ ಮುಚ್ಚಿಟ್ಟಿದ್ದರು. ಕೇಳಿದರೆ ಅಪ್ಪಯ್ಯ, "ಔಷಧ ನಾಟಿದೆ ತಮಾ, ಅದಕ್ಕೇ ಹೀಗೆ" ಎನ್ನುತ್ತಾರೆ. ರಾತ್ರಿಯ ಮೂರು ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಜಗುಲಿಯಲ್ಲಿ ಕುಳಿತಿದ್ದಾರೆ.

ಹುಬ್ಬಳ್ಳಿಯಲ್ಲಿರುವ ಭಾವ ಫೋನಿನಲ್ಲಿ ಡಿಪಿಡಿ ಎಂಬ ಕಿಣ್ವದ ಹೆಸರು ಹೇಳಿದ. ಅದರ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದ. ನಮಗೆ ಯಾರೂ ಆ ಹೆಸರನ್ನೇ ಹೇಳಿರಲಿಲ್ಲ. ಏನಿದು?


ಮಾತ್ರೆ ಡಬ್ಬಿ, ಕುಮಟಾ
ಭಾನುವಾರ, ರಾತ್ರಿ 8:58

ಕಿಣ್ವದ ವಿಚಾರ ಆಮೇಲೆ. ಆ ಮೂರು ಮಾತ್ರೆ ಅಂಗೈಯಿಂದ ಡಬ್ಬಿಗೆ ಹೋಗಲಿ. ಆಸ್ಪತ್ರೆಯವರು ಕೊಟ್ಟ ತುರ್ತು ಸಂಖ್ಯೆಗೆ ಈಗಲೇ ಫೋನ್ ಮಾಡಿ, ಬೆಳಗಾಗಲಿ ಎನ್ನಬೇಡಿ. ಈ ಮಾತ್ರೆ ತಿನ್ನುವವರು ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚು ಹೋದರೆ, ಅಥವಾ ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾದರೆ, ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಉಣ್ಣಲಾಗದಷ್ಟು ಬಾಯಿಹುಣ್ಣಿಗೂ ಇದೇ ಮಾತು.

ಜ್ವರ ನೋಡಿದಿರಾ? ಥರ್ಮಾಮೀಟರ್ 100.4 ತೋರಿಸಿದರೆ ಫೋನನ್ನೂ ಬಿಡಿ, ಗಾಡಿ ಹತ್ತಿಸಿ. ಬಿಳಿ ರಕ್ತಕಣ ಇಳಿದಿರುವಾಗ ಬರುವ ಜ್ವರ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುವ ಜ್ವರವಲ್ಲ.

ಇಪ್ಪತ್ತೆರಡು ವರ್ಷ ಔಷಧಿ ಅಂಗಡಿಯ ಮೇಜಿನ ಹಿಂದೆ ನಿಂತಿದ್ದೇನೆ. "ನಾಟಿದೆ" ಎಂಬ ಮಾತಿಗೆ ನನಗೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ.


ತೋಟದಮನೆ, ಶಿರಸಿ
ಭಾನುವಾರ, ರಾತ್ರಿ 9:40

ಜ್ವರ 99. ಫೋನ್ ಮಾಡಿದೆ. ಮಾತ್ರೆ ನಿಲ್ಲಿಸಿ, ರಾತ್ರಿಯೇ ಹೊರಡಿ ಎಂದರು. ಹೊರಟಿದ್ದೇವೆ.


ತೋಟದಮನೆ, ಶಿರಸಿ
ಶುಕ್ರವಾರ, ಸಂಜೆ 6:15

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದೆವು. ಡ್ರಿಪ್ ಹಾಕಿದರು, ಬಿಳಿ ರಕ್ತಕಣ ಇಳಿದಿತ್ತು, ಈಗ ಏರುತ್ತಿದೆ. ಇವತ್ತು ತಂಬುಳಿ ಅನ್ನ ಉಂಡರು. ಕುಮಟಾದ ಅಕ್ಕನಿಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು.

ಈಗ ಕಿಣ್ವದ ವಿಚಾರ ಕೇಳುತ್ತೇನೆ. ಡಾಕ್ಟರು ಡಿಪಿವೈಡಿ, ಅಂದರೆ ಆ ಕಿಣ್ವದ ಜೀನ್, ಪರೀಕ್ಷೆಗೆ ರಕ್ತ ಕಳಿಸಿದ್ದಾರೆ. ಒಂದೇ ಮಾತ್ರೆ, ಒಂದೇ ಲೆಕ್ಕ. ಪಕ್ಕದ ಹಾಸಿಗೆಯವರು ಅದನ್ನೇ ತಿಂದು ಗಟ್ಟಿಯಾಗಿ ಓಡಾಡುತ್ತಿದ್ದರು, ನಮ್ಮವರು ಮಲಗಿಬಿಟ್ಟರು. ಏಕೆ?


ಪೀಪೆಟ್ಟು, ಹೊನ್ನಾವರ–ಬೆಂಗಳೂರು
ಶುಕ್ರವಾರ, ರಾತ್ರಿ 10:30

ನಾನು ವೈದ್ಯನಲ್ಲ, ಪ್ರಯೋಗಾಲಯದಲ್ಲಿ ಕಿಣ್ವಗಳ ಜೊತೆ ದಿನ ಕಳೆಯುವವನು. ಸ್ವಲ್ಪ ಉದ್ದವಾಗುತ್ತದೆ, ತಾಳಿಕೊಳ್ಳಿ.

ಅಪ್ಪಯ್ಯ ನುಂಗಿದ್ದು ಇನ್ನೂ ಔಷಧವಾಗಿರದ ಪದಾರ್ಥ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದ ಮೇಲಲ್ಲವೇ ಕೆಂಪಡಿಕೆ? ಕ್ಯಾಪೆಸಿಟಬಿನ್ ಕೂಡ ಮೂರು ಕೈ ದಾಟಬೇಕು. ಪಿತ್ತಜನಕಾಂಗದಲ್ಲಿ ಕಾರ್ಬಾಕ್ಸಿಲೆಸ್ಟರೇಸ್ ಎಂಬ ಕಿಣ್ವ ಅದರ ಒಂದು ತುಂಡನ್ನು ಕತ್ತರಿಸುತ್ತದೆ. ಸಿಟಿಡಿನ್ ಡಿಅಮಿನೇಸ್ ಎರಡನೆಯ ಕೆಲಸ ಮುಗಿಸುತ್ತದೆ. ಮೂರನೆಯದು ಥೈಮಿಡಿನ್ ಫಾಸ್ಫೊರಿಲೇಸ್. ಇದು ಗಡ್ಡೆಗಳಲ್ಲಿ ಅಕ್ಕಪಕ್ಕದ ಒಳ್ಳೆಯ ಅಂಗಾಂಶಕ್ಕಿಂತ ಸಾಮಾನ್ಯವಾಗಿ ಹೆಚ್ಚು ಇರುವುದರಿಂದ ಔಷಧ ಅಲ್ಲೇ ಹೆಚ್ಚು ತಯಾರಾಗಲಿ ಎಂಬುದು ಈ ಮಾತ್ರೆಯ ಹಿಂದಿನ ಯೋಚನೆ. ಹೀಗೆ ಕೊನೆಯಲ್ಲಿ ಹುಟ್ಟುವುದು ಫ್ಲೂರೋಯುರಾಸಿಲ್. ಡ್ರಿಪ್‌ನಲ್ಲಿ ಕೊಡುವ 'ಫೈವ್ ಎಫ್‌ಯು' ಎಂದರೆ ಇದೇ.

ಅದರ ಹುಟ್ಟೂ ಸ್ವಾರಸ್ಯದ್ದು. ಇಲಿಗಳ ಗಡ್ಡೆ ಯುರಾಸಿಲ್ ಎಂಬ ವಸ್ತುವನ್ನು ಮಾಮೂಲಿ ಅಂಗಾಂಶಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ ಎಂದು ಗೊತ್ತಾಗಿತ್ತು. ಹಾಗಾದರೆ ಅದಕ್ಕೇ ನಂಜು ಕೂರಿಸೋಣ ಎಂದುಕೊಂಡರು ಅಮೆರಿಕದ ವಿಸ್ಕಾನ್ಸಿನ್‌ನ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು. ಯುರಾಸಿಲ್‌ನ ಒಂದು ಹೈಡ್ರೋಜನ್ ತೆಗೆದು ಫ್ಲೋರಿನ್ ಇಟ್ಟರು. 1957ರಲ್ಲಿ ಪ್ರಕಟಿಸಿದರು. ಕೋಶ ಅದನ್ನು ತನ್ನದೇ ಯುರಾಸಿಲ್ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ತಯಾರಿಸುವ ಥೈಮಿಡಿಲೇಟ್ ಸಿಂಥೇಸ್ ಎಂಬ ಕಿಣ್ವ ಈ ನಕಲಿ ಮಾಲನ್ನು ಹಿಡಿದು, ಬಿಡಲಾಗದೆ ಸಿಕ್ಕಿಕೊಳ್ಳುತ್ತದೆ. ಆ ಹಿಡಿತವನ್ನು ಬಿಗಿ ಮಾಡುವುದು ಫೋಲೇಟ್, ಅಂದರೆ ಫೋಲಿಕ್ ಆಮ್ಲದ ಬಳಗದ ವಿಟಮಿನ್. ಡ್ರಿಪ್‌ನ ಜೊತೆ ಕೆಲವರಿಗೆ ಲ್ಯೂಕೊವೊರಿನ್ ಎಂಬ ಫೋಲೇಟ್ ಕೊಡುವುದು ಇದಕ್ಕೇ.

ಇನ್ನು ನೀವು ಕೇಳಿದ ಡಿಪಿಡಿ. ಪೂರ್ತಿ ಹೆಸರು ಡೈಹೈಡ್ರೋಪಿರಿಮಿಡಿನ್ ಡಿಹೈಡ್ರೋಜಿನೇಸ್. ಇದು ಔಷಧ ತಯಾರಿಸುವುದಿಲ್ಲ, ಒಡೆದು ಹೊರಗೆ ಹಾಕುತ್ತದೆ. ದೇಹಕ್ಕೆ ಸೇರಿದ ಫ್ಲೂರೋಯುರಾಸಿಲ್‌ನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಪಾಲು ಹೀಗೆ ಒಡೆದು ಹೋಗುತ್ತದೆ, ಬಹುಪಾಲು ಪಿತ್ತಜನಕಾಂಗದಲ್ಲಿ. ವೈದ್ಯರು ಬರೆಯುವ ಪ್ರಮಾಣ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು. ಯಾರಿಗೆ ಹುಟ್ಟಿನಿಂದಲೇ ಈ ಕಿಣ್ವ ಅರೆಬರೆಯಾಗಿ ಇದೆಯೋ ಅವರಲ್ಲಿ ಒಡೆಯಬೇಕಾದದ್ದು ಒಡೆಯದೆ ಉಳಿಯುತ್ತದೆ. ಆಗ ಬೇಗಬೇಗ ಹುಟ್ಟಿ ಸಾಯುವ ಕೋಶಗಳಿಗೆ ಪೆಟ್ಟು: ಬಾಯಿ, ಕರುಳಿನ ಒಳಪದರ, ಎಲುಬಿನ ಮಜ್ಜೆ. ಹುಣ್ಣು, ಬೇಧಿ, ರಕ್ತಕಣ ಇಳಿತ.

ಯುರೋಪಿನವರಲ್ಲಿ ನೂರಕ್ಕೆ 3ರಿಂದ 8 ಮಂದಿಗೆ ಭಾಗಶಃ ಕೊರತೆ ಇದೆ ಎಂದು ಲೆಕ್ಕ. ಪೂರ್ತಿ ಇಲ್ಲದವರು ತೀರಾ ವಿರಳ, ಆದರೆ ಅವರಿಗೆ ಮಾಮೂಲಿ ಪ್ರಮಾಣವೇ ಪ್ರಾಣಾಂತಿಕವಾಗಬಹುದು. ಮೊದಲ ಮಾತ್ರೆಗೆ ಮುನ್ನವೇ ಪರೀಕ್ಷಿಸಿ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು.


ಕಾಳಿ ದಂಡೆ, ಕಾರವಾರ
ಶನಿವಾರ, ಬೆಳಿಗ್ಗೆ 7:05

ನೀವೆಲ್ಲ ಸೇರಿ ಜನರನ್ನು ಹೆದರಿಸುತ್ತಿದ್ದೀರಿ. ನಮ್ಮ ಯಜಮಾನರು ಇದೇ ಮಾತ್ರೆ ಎಂಟು ಸುತ್ತು ತಿಂದರು. ಯಾವ ಜೀನ್ ಪರೀಕ್ಷೆಯೂ ಆಗಲಿಲ್ಲ. ಅಂಗೈ ಅಂಗಾಲು ಕೆಂಪಾಗಿ ಸುಲಿದವು, ಬಂದರಿನಲ್ಲಿ ಐಸ್ ಪೆಟ್ಟಿಗೆ ಎತ್ತಲು ಆಗುತ್ತಿರಲಿಲ್ಲ, ಅಷ್ಟೇ. ಬೆರಳಿನ ಗೆರೆ ಅಳಿಸಿ, ಪಡಿತರ ಅಂಗಡಿಯ ಯಂತ್ರ ಮೂರು ತಿಂಗಳು ಅವರನ್ನು ಗುರುತೇ ಹಿಡಿಯಲಿಲ್ಲ. ಬದುಕಿದ್ದೀರಾ ಎಂದು ಅಂಗಡಿಯವನೇ ತಮಾಷೆ ಮಾಡುತ್ತಿದ್ದ.

ಈಗ ಪ್ರಮಾಣ ಅರ್ಧ ಮಾಡುತ್ತಾರೆ ಎಂದರೆ ರೋಗಕ್ಕೆ ಅರ್ಧವೇ ಔಷಧ ಸಿಕ್ಕಿದಂತಲ್ಲವೇ? ಉಳಿದರ್ಧ ಗಡ್ಡೆ ಏನಾಗಬೇಕು?


ಪೀಪೆಟ್ಟು, ಹೊನ್ನಾವರ–ಬೆಂಗಳೂರು
ಶನಿವಾರ, ಬೆಳಿಗ್ಗೆ 9:20

ಅಕ್ಕ, ನಿಮ್ಮವರು ಚೆನ್ನಾಗಿರುವುದು ಸಂತೋಷ. ಬಹುಪಾಲು ಜನ ಹಾಗೆಯೇ ದಾಟುತ್ತಾರೆ. ಬೆರಳಿನ ಗೆರೆ ಅಳಿಯುವುದೂ ಹೊಸದಲ್ಲ: ಇದೇ ಔಷಧ ತಿನ್ನುತ್ತಿದ್ದ ಸಿಂಗಾಪುರದ ಒಬ್ಬರನ್ನು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಸಿಗದ್ದಕ್ಕೆ ನಾಲ್ಕು ಗಂಟೆ ಕೂರಿಸಿದ್ದರು. 2009ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲೇ ಬಂತು.

ಅರ್ಧದ ಪ್ರಶ್ನೆಗೆ: ನುಂಗಿದ್ದು ಎಷ್ಟು ಎಂಬುದಕ್ಕಿಂತ ರಕ್ತದಲ್ಲಿ ಉಳಿದದ್ದು ಎಷ್ಟು ಎಂಬುದು ಲೆಕ್ಕ. ಒಡೆಯುವ ಕಿಣ್ವ ಅರ್ಧವೇ ಇರುವವನಿಗೆ ಅರ್ಧ ಪ್ರಮಾಣ ಕೊಟ್ಟರೆ ಅವನ ರಕ್ತದಲ್ಲಿ ಉಳಿಯುವುದು ನಿಮ್ಮವರ ರಕ್ತದಲ್ಲಿ ಉಳಿದಷ್ಟೇ, ಹೆಚ್ಚು ಕಡಿಮೆ. ಅಲ್ಲಿಂದ ಶುರು ಮಾಡಿ, ತಡೆದುಕೊಂಡರೆ ಮುಂದಿನ ಸುತ್ತಿನಲ್ಲಿ ಏರಿಸುತ್ತಾರೆ.

ಕಿಣ್ವವೇ ನಿಂತರೆ ಏನಾಗುತ್ತದೆ ಎಂಬುದನ್ನು ಜಪಾನ್ ನೋಡಿದೆ. 1993ರಲ್ಲಿ ಸರ್ಪಸುತ್ತಿಗೆ ಸೊರಿವುಡಿನ್ ಎಂಬ ಹೊಸ ಔಷಧ ಬಂತು. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಹುಟ್ಟುವ ವಸ್ತು ಡಿಪಿಡಿ ಕಿಣ್ವವನ್ನು ಶಾಶ್ವತವಾಗಿ ಕಟ್ಟಿಹಾಕುತ್ತಿತ್ತು. ಫ್ಲೂರೋಯುರಾಸಿಲ್ ಬಳಗದ ಮಾತ್ರೆ ತಿನ್ನುತ್ತಿದ್ದ ಕ್ಯಾನ್ಸರ್ ರೋಗಿಗಳಲ್ಲಿ ಸರ್ಪಸುತ್ತು ಎದ್ದವರಿಗೂ ಅದನ್ನು ಕೊಟ್ಟರು. ಮಾರುಕಟ್ಟೆಗೆ ಬಂದ ನಲವತ್ತು ದಿನದೊಳಗೆ 15 ಸಾವು. ಅವರ ಕಿಮೊ ಪ್ರಮಾಣವನ್ನು ಯಾರೂ ಹೆಚ್ಚಿಸಿರಲಿಲ್ಲ.


ನಿವೃತ್ತ ಮಾಸ್ತರ, ಅಂಕೋಲಾ
ಶನಿವಾರ, ಬೆಳಿಗ್ಗೆ 11:45

ಇಷ್ಟೆಲ್ಲ ರಾಸಾಯನಿಕದ ತಂಟೆ ಏಕೆ? ನಮ್ಮ ಸಹ್ಯಾದ್ರಿಯಲ್ಲಿ ಇಲ್ಲದ ಔಷಧವಿದೆಯೇ? ಕ್ಯಾನ್ಸರಿಗೆ ಮದ್ದಾಗುವ ಮರ ಘಟ್ಟದಲ್ಲೇ ಇದೆ, ಮರಾಠಿಯವರು ನರಕ್ಯಾ ಎನ್ನುತ್ತಾರೆ. ಒಂದು ಕಾಲಕ್ಕೆ ಲಾರಿಗಟ್ಟಲೆ ಕಡಿದು ಸಾಗಿಸಿದರು. ಗೊತ್ತಿರುವವರಿಂದ ಕಷಾಯ ಮಾಡಿಸಿ ಕೊಡಬಾರದೇಕೆ?


ಪೀಪೆಟ್ಟು, ಹೊನ್ನಾವರ–ಬೆಂಗಳೂರು
ಶನಿವಾರ, ಮಧ್ಯಾಹ್ನ 12:30

ಮಾಸ್ತರರೇ, ಮರದ ವಿಷಯ ನಿಜ, ಕಷಾಯ ಮಾತ್ರ ಬೇಡವೇ ಬೇಡ. ಅದು ನೊಥಪೊಡೈಟ್ಸ್ ನಿಮ್ಮೋನಿಯಾನಾ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇದೆ ಎಂದು 1972ರಲ್ಲಿ ನಮ್ಮ ದೇಶದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಕ್ಯಾಂಪ್ಟೊಥೆಸಿನ್‌ನಿಂದ ತಯಾರಾದದ್ದೇ ಇರಿನೊಟೆಕಾನ್, ಇದೇ ಕರುಳಿನ ಕ್ಯಾನ್ಸರಿಗೆ ಕೊಡುವ ಇನ್ನೊಂದು ಔಷಧ. ಆದರೆ ಶುದ್ಧ ಕ್ಯಾಂಪ್ಟೊಥೆಸಿನ್ ಅನ್ನೇ ಮನುಷ್ಯರಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಿಂದ ರಕ್ತ ಬಂದು ಪ್ರಯೋಗ ನಿಲ್ಲಿಸಬೇಕಾಯಿತು. ತೊಗಟೆ ಬೇಯಿಸಿದ ನೀರಿನಲ್ಲಿ ಅದು ಎಷ್ಟಿದೆ ಎಂದು ಯಾರು ಅಳೆಯುತ್ತಾರೆ?


ಘಟ್ಟದ ಕೆಳಗೆ
ಶನಿವಾರ, ಮಧ್ಯಾಹ್ನ 2:10

ಇರಿನೊಟೆಕಾನ್ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಣ್ಣನಿಗೆ ಅದೇ ಕೊಟ್ಟದ್ದು. ಅವನಿಗೆ ಚಿಕ್ಕಂದಿನಿಂದ ಉಪವಾಸ ಮಾಡಿದರೆ, ಜ್ವರ ಬಂದರೆ ಕಣ್ಣು ತುಸು ಹಳದಿಯಾಗುತ್ತಿತ್ತು. ಪ್ರತಿ ಸಲ ಕಾಮಾಲೆ ಎಂದು ಊರಿನಲ್ಲಿ ಮದ್ದು ಹಾಕಿಸುತ್ತಿದ್ದೆವು, ಪ್ರತಿ ಸಲ ವಾಸಿಯೂ ಆಗುತ್ತಿತ್ತು. ಕಿಮೊ ಡಾಕ್ಟರಿಗೆ ಅಮ್ಮ ಈ ಕಥೆಯನ್ನು ಸುಮ್ಮನೆ ಹೇಳಿದಳು. ಅವರು ಪೆನ್ನು ಕೆಳಗಿಟ್ಟು, "ಇನ್ನೊಮ್ಮೆ ಹೇಳಿ" ಎಂದರು. ಯುಜಿಟಿ1ಎ1 ಎಂಬ ಪರೀಕ್ಷೆ ಮಾಡಿಸಿ, ಪ್ರಮಾಣ ಇಳಿಸಿ ಶುರು ಮಾಡಿದರು. ಕಾಮಾಲೆಗೂ ಕಿಮೊಗೂ ಏನು ಸಂಬಂಧ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.


ಪೀಪೆಟ್ಟು, ಹೊನ್ನಾವರ–ಬೆಂಗಳೂರು
ಶನಿವಾರ, ಮಧ್ಯಾಹ್ನ 3:00

ಒಂದೇ ಕಿಣ್ವ, ಎರಡು ಕೆಲಸ. ರಕ್ತದ ಹಳದಿ ಬಿಲಿರುಬಿನ್ ಅನ್ನು ಹೊರಹಾಕಲು ಸಿದ್ಧಪಡಿಸುವುದೂ ಯುಜಿಟಿ1ಎ1, ಇರಿನೊಟೆಕಾನ್‌ನಿಂದ ಹುಟ್ಟುವ ಎಸ್‌ಎನ್-38 ಎಂಬ ತೀಕ್ಷ್ಣ ಪದಾರ್ಥವನ್ನು ಸಪ್ಪೆ ಮಾಡುವುದೂ ಅದೇ. ಅದು ಹುಟ್ಟಿನಿಂದ ಮಂದಗತಿಯಲ್ಲಿರುವುದಕ್ಕೆ ಗಿಲ್ಬರ್ಟ್ ಸಿಂಡ್ರೋಮ್ ಎನ್ನುತ್ತಾರೆ. ಕಾಯಿಲೆ ಎನ್ನುವಷ್ಟಲ್ಲ, ಅದರ ಹಳದಿ ತಾನಾಗಿ ಇಳಿಯುತ್ತದೆ. ಮದ್ದು ಹಾಕಿದವರಿಗೆ ಪುಕ್ಕಟೆ ಹೆಸರು! ನಿಮ್ಮ ಅಮ್ಮ ಜಾಣೆ.


ಮಾತ್ರೆ ಡಬ್ಬಿ, ಕುಮಟಾ
ಶನಿವಾರ, ರಾತ್ರಿ 9:15

ತೋಟದಮನೆಯವರೇ, ಜೀನ್ ವರದಿ ಬರುವಾಗ ಬರಲಿ. ಅಲ್ಲಿಯವರೆಗೆ ನನ್ನದೊಂದು ಕೆಲಸ ಮಾಡಿ. ಅಪ್ಪಯ್ಯ ತಿನ್ನುವ ಎಲ್ಲ ಮಾತ್ರೆಗಳನ್ನೂ, ದಿಂಬಿನ ಕೆಳಗಿನದು, ದೇವರ ಗೂಡಿನದು ಸೇರಿಸಿ, ಒಂದು ಹರಿವಾಣದಲ್ಲಿ ಸುರಿದು ಹೆಸರು ಬರೆಯಿರಿ. ಕೊನೆಯ ರಕ್ತಪರೀಕ್ಷೆಯ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಂಕಿ), ತೂಕ, ಎತ್ತರವನ್ನೂ ಹೇಳಿ.

ಕಾರವಾರದ ಅಕ್ಕನವರಿಗೆ: ಅಂಗೈ ಸುಲಿಯುವುದಕ್ಕೆ ದೆಹಲಿಯ ಏಮ್ಸ್‌ನವರು ಒಂದು ಅಧ್ಯಯನ ಮಾಡಿ 2024ರಲ್ಲಿ ಪ್ರಕಟಿಸಿದ್ದಾರೆ. ನೋವಿಗೆ ಹಚ್ಚುತ್ತೇವಲ್ಲ, ಡೈಕ್ಲೊಫೆನಾಕ್ ಜೆಲ್, ಅದನ್ನು ಮೊದಲಿನಿಂದಲೇ ಹಚ್ಚಿದವರಲ್ಲಿ ಜೋರಾಗಿ ಸುಲಿದದ್ದು ಶೇಕಡಾ 3.8 ಮಂದಿಗೆ, ಔಷಧವಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ 15. ಇನ್ನು ಮುಂದೆ ಯಾರಿಗಾದರೂ ಶುರುವಾದರೆ ವೈದ್ಯರನ್ನು ಕೇಳಲು ಹೇಳಿ.


ತೋಟದಮನೆ, ಶಿರಸಿ
ಭಾನುವಾರ, ಬೆಳಿಗ್ಗೆ 10:00

ಹರಿವಾಣ ತುಂಬಿತು. ರಕ್ತದೊತ್ತಡದ ಮಾತ್ರೆ, ಗ್ಯಾಸಿನದು, ಮತ್ತೊಂದು ನಾನು ನೋಡಿಯೇ ಇರದ ಕಬ್ಬಿಣದ ಮಾತ್ರೆ. ಗಡ್ಡೆ ಪತ್ತೆಯಾಗುವ ಮುಂಚೆ ರಕ್ತ ಕಡಿಮೆ ಇದೆ ಎಂದು ಕೊಟ್ಟಿದ್ದರಂತೆ. ಆಯಿ ಅದನ್ನು ಇವತ್ತಿಗೂ ತಪ್ಪದೆ ಕೊಡುತ್ತಿದ್ದಾಳೆ, ಜೊತೆಗೊಂದು ಶಕ್ತಿಯ ಮಾತ್ರೆ. ಎರಡರ ಹಾಳೆಯ ಮೇಲೂ ಫೋಲಿಕ್ ಆಮ್ಲ ಎಂದಿದೆ.

ಕ್ರಿಯಾಟಿನಿನ್ 1.3. ವರದಿಯಲ್ಲಿ ಅದಕ್ಕೆ ಕೆಂಪು ಗುರುತಿಲ್ಲ. ತೂಕ 52 ಕಿಲೋ, ಎತ್ತರ 160.


ಮಾತ್ರೆ ಡಬ್ಬಿ, ಕುಮಟಾ
ಭಾನುವಾರ, ಬೆಳಿಗ್ಗೆ 10:40

ಹಾಗಾದರೆ ಎರಡು ಎಳೆ ಸಿಕ್ಕವು.

ಫೋಲಿಕ್ ಆಮ್ಲ ಬಸುರಿಗೆ ಅಮೃತ, ಕ್ಯಾಪೆಸಿಟಬಿನ್ ತಿನ್ನುವವರಿಗೆ ಹಾಗಲ್ಲ. ಪೀಪೆಟ್ಟು ಹೇಳಿದರಲ್ಲ, ಆ ಹಿಡಿತವನ್ನು ಬಿಗಿ ಮಾಡುವುದು ಫೋಲೇಟ್ ಎಂದು. ಗಡ್ಡೆಯಲ್ಲಿ ಬಿಗಿಯಾದಂತೆ ಬಾಯಲ್ಲೂ ಕರುಳಲ್ಲೂ ಬಿಗಿಯಾಗುತ್ತದೆ. ಸೊಪ್ಪಿನ ತಂಬುಳಿಗೆ ಹೆದರಬೇಡಿ, ಮಾತ್ರೆಯ ರೂಪದ್ದನ್ನು ಡಾಕ್ಟರಿಗೆ ತೋರಿಸಿ.

ಎರಡನೆಯದು ಮೂತ್ರಪಿಂಡ. 1.3 ಎಂದರೆ ಮೂವತ್ತರ ಆಳಿಗೆ ದೊಡ್ಡದಲ್ಲ. ಆದರೆ ಲೆಕ್ಕ ಹೀಗೆ: 140ರಿಂದ ವಯಸ್ಸು 71 ಕಳೆಯಿರಿ, 69. ಅದನ್ನು ತೂಕ 52ರಿಂದ ಗುಣಿಸಿ, 72 ಗುಣಿಸು 1.3ರಿಂದ ಭಾಗಿಸಿ. ಬಂದದ್ದು 38, ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು. 30ರಿಂದ 50ರೊಳಗೆ ಇದ್ದರೆ ಶುರುವಿನ ಪ್ರಮಾಣ ಮುಕ್ಕಾಲು ಎಂದು ಈ ಔಷಧದ ಜೊತೆ ಬರುವ ಹಾಳೆಯಲ್ಲೇ ಅಚ್ಚಾಗಿದೆ. ನಿಮಗೆ ಬರೆದದ್ದು ಪೂರ್ತಿ. ಆ ದಿನದ ಕ್ರಿಯಾಟಿನಿನ್ ಬೇರೆ ಇತ್ತೇನೋ, ನಾನು ಅಲ್ಲಿರಲಿಲ್ಲ. ಜಗಳಕ್ಕೆ ಹೋಗಬೇಡಿ, ಈ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ.


ಕಾಳಿ ದಂಡೆ, ಕಾರವಾರ
ಭಾನುವಾರ, ಬೆಳಿಗ್ಗೆ 11:30

ನಮ್ಮ ಮನೆಯಲ್ಲೂ ಆ ಕಬ್ಬಿಣದ ಮಾತ್ರೆ ಇತ್ತು. ಅವರು ಕಹಿ ಎಂದು ಕದ್ದು ಹಿತ್ತಲಿಗೆ ಎಸೆಯುತ್ತಿದ್ದರು, ನಾನು ಬೈಯುತ್ತಿದ್ದೆ. ಈಗ ಯಾರಿಗೂ ಹೇಳುವ ಹಾಗಿಲ್ಲ.


ತೋಟದಮನೆ, ಶಿರಸಿ
ಮುಂದಿನ ಗುರುವಾರ, ರಾತ್ರಿ 8:20

ಜೀನ್ ವರದಿ ಬಂತು. ನಾಲ್ಕು ಬದಲಾವಣೆಗಳನ್ನು ಹುಡುಕಿದ್ದಾರೆ, ನಾಲ್ಕೂ ಇಲ್ಲ. ಅಂದರೆ ಕಿಣ್ವ ಸರಿಯಿದೆ ಎಂದರ್ಥವೇ?


ಪೀಪೆಟ್ಟು, ಹೊನ್ನಾವರ–ಬೆಂಗಳೂರು
ಗುರುವಾರ, ರಾತ್ರಿ 9:05

ಅಷ್ಟು ಧೈರ್ಯವಾಗಿ ಹೇಳಲಾರೆ. ಆ ನಾಲ್ಕನ್ನು ಆರಿಸಿದ್ದು ಮುಖ್ಯವಾಗಿ ಯುರೋಪ್ ಮೂಲದ ರೋಗಿಗಳನ್ನು ನೋಡಿ. ನಮ್ಮವರಲ್ಲಿ ಕಿಣ್ವ ಕುಂಟಲು ಬೇರೆ ಬದಲಾವಣೆಯೂ ಕಾರಣವಾಗಬಹುದು, ಪಟ್ಟಿಯಲ್ಲಿ ಇಲ್ಲದ್ದು ವರದಿಯಲ್ಲಿ ಕಾಣುವುದಿಲ್ಲ. "ಇದೆ" ಎಂದು ಬಂದರೆ ನಂಬಿ ಪ್ರಮಾಣ ಇಳಿಸಬೇಕು, "ಇಲ್ಲ" ಎಂದು ಬಂದರೆ ಎಚ್ಚರ ಬಿಡಬಾರದು.

ಫ್ರಾನ್ಸಿನಲ್ಲಿ ಜೀನ್ ಬಿಟ್ಟು ಕಿಣ್ವದ ಕೆಲಸವನ್ನೇ ಅಂದಾಜು ಮಾಡುತ್ತಾರೆ. ಡಿಪಿಡಿ ದೇಹದ ಸ್ವಂತ ಯುರಾಸಿಲ್ ಅನ್ನೂ ಒಡೆಯುತ್ತದಲ್ಲ, ಅದು ರಕ್ತದಲ್ಲಿ ಮಿಲಿಲೀಟರಿಗೆ 16 ನ್ಯಾನೊಗ್ರಾಂ ಮುಟ್ಟಿದರೆ ಕಿಣ್ವ ಕಡಿಮೆ ಎಂದು ಎಣಿಕೆ. ಆದರೆ ಆ ರಕ್ತವನ್ನು ಕೂಡಲೇ ತಂಪಿನಲ್ಲಿಟ್ಟು ಬೇರ್ಪಡಿಸಬೇಕು. ಬೆಚ್ಚಗೆ ಬಿಟ್ಟರೆ ಕೊಳವೆಯೊಳಗೇ ಯುರಾಸಿಲ್ ಏರುತ್ತದೆ. ಶಿರಸಿಯಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಸುಳ್ಳು ಹೇಳಲು ಶುರು ಮಾಡಿರುತ್ತದೆ. ಜೀನ್ ಪರೀಕ್ಷೆಯ ರಕ್ತಕ್ಕೆ ಆ ರಗಳೆ ಇಲ್ಲ.


ನಿವೃತ್ತ ಮಾಸ್ತರ, ಅಂಕೋಲಾ
ಗುರುವಾರ, ರಾತ್ರಿ 9:50

ಕಷಾಯದ ಮಾತು ಹಿಂದೆ ತೆಗೆದುಕೊಂಡೆ. ಘಟ್ಟ, ಬಸ್ಸು ಎಂದದ್ದಕ್ಕೆ ನನ್ನ ಅನುಭವದ ಒಂದು ಮಾತು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನಮ್ಮ ಕೇರಿಯ ಒಬ್ಬರಿಗೆ ಕಿಮೊ ದಿನ. ಸುತ್ತು ಬಳಸಿ ಹೋದರು, ಒಂದು ದಿನ ತಡವಾಗಿ. ಈ ಜಿಲ್ಲೆಯವರು ಬಾಯಿಹುಣ್ಣು ಎದ್ದ ಮೇಲೆ ದಾರಿ ಹುಡುಕುವುದಲ್ಲ, ಮಾತ್ರೆ ಶುರುವಾಗುವ ಮುಂಚೆಯೇ ರಾತ್ರಿ ಹೊತ್ತು ಯಾವ ಗಾಡಿ, ಯಾವ ದಾರಿ ಎಂದು ಗೊತ್ತು ಮಾಡಿಕೊಂಡಿರಬೇಕು.


ತೋಟದಮನೆ, ಶಿರಸಿ
ಮೂರು ವಾರದ ನಂತರ, ಮಂಗಳವಾರ, ರಾತ್ರಿ 8:00

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ.

ಚೀಟಿ ತೆಗೆದುಕೊಂಡು ಹೋದೆ. ಡಾಕ್ಟರು ಮತ್ತೆ ರಕ್ತ ತೆಗೆಸಿ ಲೆಕ್ಕ ಹಾಕಿದರು, 40ರ ಹತ್ತಿರ ಬಂತು. ಹಳೆಯ ಹಾಳೆ ತಿರುವಿ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ನಾನೂ ಏನೂ ಅನ್ನಲಿಲ್ಲ. ಫೋಲಿಕ್ ಆಮ್ಲದ ಎರಡೂ ಮಾತ್ರೆ ನಿಲ್ಲಿಸಿದರು. ಕ್ಯಾಪೆಸಿಟಬಿನ್ ಮುಕ್ಕಾಲು: ಹೊತ್ತಿಗೆ 500ರದು ಎರಡು, 150ರದು ಒಂದು.

ಮನೆಗೆ ಬಂದು ಅಪ್ಪಯ್ಯನಿಗೆ ಕಿಣ್ವ, ಮೂತ್ರಪಿಂಡ ಎಲ್ಲ ವಿವರಿಸಿದೆ. ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ, ಸುಣ್ಣ ಕಲಸಿ ಐವತ್ತು ಮಳೆಗಾಲ ಕಳೆದವರು. ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಔಷಧಿ ತೀಕ್ಷ್ಣವಾಯಿತೆಂದು ಇನ್ನಷ್ಟು ಸುಣ್ಣ ಹಾಕಿಸದೆ ಯಾರನ್ನೂ ಮರ ಹತ್ತಲು ಬಿಡುವವರಲ್ಲ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ಹಾಗಾದರೆ ನನಗೆ ಕತ್ತಿ ಅದ್ದಿ ನೋಡಲೇ ಇಲ್ಲ ಎನ್ನು."

ಇಂದಿಗೆ ಎರಡನೇ ಸುತ್ತಿನ ಹನ್ನೊಂದನೇ ದಿನ. ಬಾಯಿ ಸ್ವಲ್ಪ ಕೆಂಪಾಗಿದೆ, ಹುಣ್ಣಿಲ್ಲ. ಬೇಧಿ ನಿನ್ನೆ ಎರಡು ಸಲ, ರಾತ್ರಿ ಇಲ್ಲ. ಆಕ್ಸಾಲಿಪ್ಲಾಟಿನ್ ಡ್ರಿಪ್ ಆದ ವಾರ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು, ಆಯಿ ಬಚ್ಚಲ ಹಂಡೆಯ ಬಿಸಿನೀರನ್ನೇ ಕೈಗೆ ಹಾಕಿದಳು. ಗೋಡೆಯ ಕ್ಯಾಲೆಂಡರಿನಲ್ಲಿ, ಕೊನೆ ಕೊಯ್ಲಿನ ಆಳುಗಳ ಲೆಕ್ಕ ಬರೆಯುವ ಜಾಗದಲ್ಲಿ, ಅಪ್ಪಯ್ಯ ತಾವೇ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದಾರೆ: ಮೇಲಿನ ಗೀಟು ಮಾತ್ರೆ, ಕೆಳಗಿನದು ಬೇಧಿ. ನಿನ್ನೆ ಕೆಳಗೆ ಎರಡು ಗೀಟು ಹಾಕಿ, ಆಯಿಗೆ ತೋರಿಸಿ, ಇವತ್ತು ಬೆಳಿಗ್ಗೆ ನನಗೂ ಕರೆದು ತೋರಿಸಿದರು.


ಮಾತ್ರೆ ಡಬ್ಬಿ, ಕುಮಟಾ
ಮಂಗಳವಾರ, ರಾತ್ರಿ 8:12

ಕ್ಯಾಲೆಂಡರಿನ ಫೋಟೊ ಹಾಕಿ. ಅಂಗಡಿಯಲ್ಲಿ ಅಂಟಿಸುತ್ತೇನೆ.